ಉಗ್ರಾಣಕ್ಕೂ ಒಂದು ಪಂಚಾಂಗ

ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಕಾಲಾಳು ಬೆಟಾಲಿಯನ್ನಿನಲ್ಲಿ ಬಂದೂಕು ಹಿಡಿದು ಮುಂದೆ ಹೋಗುವವರನ್ನು ಬಿಟ್ಟು ಉಳಿದವರು ವರ್ಷವಿಡೀ ಏನು ಮಾಡುತ್ತಾರೆ? ಉಗ್ರಾಣ, ವಾಹನ, ಅಡುಗೆ, ವೈರ್‌ಲೆಸ್, ವೈದ್ಯಕೀಯ ವಿಭಾಗಗಳ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ‘ಸಪೋರ್ಟ್ ಕಂಪನಿ’ ಅಂದರೆ ಇವರೇನಾ? ಇವರ ವರ್ಷ ಯಾವಾಗ ಶುರುವಾಗುತ್ತದೆ?

ಅಲ್ಲ, ಹೆಸರು ದಾರಿ ತಪ್ಪಿಸುತ್ತದೆ. ಅನೇಕ ಸೇನೆಗಳಲ್ಲಿ ಸಪೋರ್ಟ್ ಕಂಪನಿ ಎಂದರೆ ಮಾರ್ಟರ್ (ಗುಂಡನ್ನು ಮೇಲಕ್ಕೆ ಚಿಮ್ಮಿಸುವ ಗಿಡ್ಡ ಫಿರಂಗಿ), ಟ್ಯಾಂಕ್ ನಿರೋಧಕ ಅಸ್ತ್ರ ಇಟ್ಟುಕೊಂಡ, ತಾನೇ ಗುಂಡು ಹಾರಿಸುವ ಕಂಪನಿ. ನೀವು ಕೇಳುತ್ತಿರುವ ವಿಭಾಗಗಳು ಸಾಮಾನ್ಯವಾಗಿ ಹೆಡ್‌ಕ್ವಾರ್ಟರ್ಸ್ ಕಂಪನಿಯಲ್ಲೋ ಕ್ವಾರ್ಟರ್‌ಮಾಸ್ಟರ್ (ಉಗ್ರಾಣ, ಸರಬರಾಜಿನ ಅಧಿಕಾರಿ) ಕೈಕೆಳಗೋ ಇರುತ್ತವೆ. ನ್ಯಾಟೊ ಪದ್ಧತಿಯ ಸೇನೆಗಳಲ್ಲಿ ಕಚೇರಿಗಳಿಗೆ ಅಂಕಿಯೇ ಹೆಸರು: ಸಿಬ್ಬಂದಿ ಎಸ್-1, ಬೇಹು ಎಸ್-2, ಕಾರ್ಯಾಚರಣೆ ಎಸ್-3, ಸರಬರಾಜು ಎಸ್-4, ಸಂಪರ್ಕ ಎಸ್-6.

ಇವರ ವರ್ಷ ಶುರುವಾಗುವುದು ದೊಡ್ಡ ಫೀಲ್ಡ್ ಕವಾಯತಿನ (ಬೆಟಾಲಿಯನ್ ಬಯಲಿಗೆ ಹೋಗಿ ಮಾಡುವ ಯುದ್ಧಾಭ್ಯಾಸದ) ತಾರೀಖಿನಿಂದ, ಅದೂ ಹಿಮ್ಮುಖವಾಗಿ. ಆ ದಿನಕ್ಕೆ ಸುಮಾರು ಮೂರು ತಿಂಗಳು ಮೊದಲು ಬಿಡಿಭಾಗಗಳ ಬೇಡಿಕೆ ಹೋಗಿರಬೇಕು, ಎರಡು ತಿಂಗಳು ಮೊದಲು ವಾಹನ ತಪಾಸಣೆ ಮುಗಿದಿರಬೇಕು, ಒಂದು ತಿಂಗಳು ಮೊದಲು ಪಡಿ ಲೆಕ್ಕ ಗಟ್ಟಿಯಾಗಬೇಕು. ಕೊನೆಯ ವಾರದಲ್ಲಿ ಪ್ರತಿ ಲಾರಿಗೂ ಒಮ್ಮೆ ಸಾಮಾನು ಹೇರಿ, ಇಳಿಸಿ ನೋಡುವುದು. ಮೊದಲು ಬೇಕಾದದ್ದನ್ನು ಕೊನೆಗೆ ಹೇರಬೇಕೆಂದು ಎಲ್ಲರಿಗೂ ಗೊತ್ತು. ಆದರೂ ಗುಡಾರದ ಗೂಟ ಬಡಿಯುವ ಸುತ್ತಿಗೆ ಗುಡಾರಗಳ ಅಡಿಯಲ್ಲೇ ಸಿಗುತ್ತದೆ. ರೈಫಲ್ ಕಂಪನಿಗಳು ಕವಾಯತು ಮುಗಿಸಿ ರಜೆಗೆ ಹೋದಾಗ ಉಗ್ರಾಣದವರಿಗೆ ತೊಳೆಯುವ, ಒಣಗಿಸುವ, ದುರಸ್ತಿಗೆ ಕಳಿಸುವ ಕಾಲ. ಒದ್ದೆ ಕ್ಯಾನ್ವಾಸನ್ನು ಹಾಗೇ ಮಡಚಿಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಅದು ಕಣ್ಣಿಗೆ ಬೀಳುವುದು ಮುಂದಿನ ಕವಾಯತಿಗೆ ಬಿಚ್ಚಿದಾಗ.

ಪ್ರಶ್ನೆ: ವಾರ್ಷಿಕ ದಾಸ್ತಾನು ಎಣಿಕೆಯಲ್ಲಿ ಲೆಕ್ಕ ಕೂಡುವುದೇ ಇಲ್ಲವಂತೆ. ಕಳ್ಳತನವೇ?

ಬಹುಪಾಲು ಅಲ್ಲ, ಕಾಗದದ ತಪ್ಪು. ದುರಸ್ತಿಗೆ ಹೋದ ಸಾಮಾನಿಗೆ ವೋಚರ್ ಹರಿದಿರುವುದಿಲ್ಲ. ‘ನಾಳೆ ವಾಪಸ್ ಕೊಡ್ತೀನಿ’ ಎಂದು ಚೀಟಿ ಬರೆದು ಒಯ್ದವರು ವರ್ಗವಾಗಿ ಹೋಗಿರುತ್ತಾರೆ. ಲೆಡ್ಜರಿನಲ್ಲಿ ಕೈಗವಸು ‘120 ಜೊತೆ’ ಎಂದಿದ್ದರೆ ಎಣಿಸಿದವನು ‘240’ ಎಂದು ಬರೆದಿರುತ್ತಾನೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೆಟ್‌ಗಳು. ಲೆಡ್ಜರಿಗೆ ಗುಡಾರ ಒಂದು, ಕಪಾಟಿನಲ್ಲೂ ಚೀಲ ಒಂದು, ಲೆಕ್ಕ ಸರಿ. ಚೀಲ ಬಿಚ್ಚಿದರೆ ಎರಡು ಕಂಬ, ಹನ್ನೊಂದು ಗೂಟ ಇಲ್ಲ. ಆದ್ದರಿಂದ ಪ್ರತಿ ಸೆಟ್‌ನೊಳಗೂ ಬಿಡಿಭಾಗಗಳ ಪಟ್ಟಿ ಇರಬೇಕು, ಎಣಿಸುವವರು ಚೀಲ ಬಿಚ್ಚಲೇಬೇಕು.

ಎಣಿಕೆಯ ದಿನ ಕೊಡು-ಕೊಳ್ಳು ಪೂರ್ತಿ ನಿಲ್ಲಿಸಿ. ಎಣಿಸುವವನಿಗೆ ಲೆಡ್ಜರಿನ ಅಂಕಿ ತೋರಿಸಬೇಡಿ, ತೋರಿಸಿದರೆ ಅದೇ ಅಂಕಿ ಬರುತ್ತದೆ! ಮೊದಲು ಕಪಾಟಿನಿಂದ ಲೆಡ್ಜರಿಗೆ, ಆಮೇಲೆ ಲೆಡ್ಜರಿನಿಂದ ಕಪಾಟಿಗೆ ತಾಳೆ ನೋಡಿ. ಮೊದಲನೆಯದರಲ್ಲಿ ಲೆಕ್ಕಕ್ಕೆ ಬಾರದ ಹೆಚ್ಚುವರಿ ಸಿಗುತ್ತದೆ, ಎರಡನೆಯದರಲ್ಲಿ ಕೊರತೆ. ಆಯುಧಗಳನ್ನು ತಲೆ ಎಣಿಸಿದರೆ ಸಾಲದು, ಒಬ್ಬ ಸೀರಿಯಲ್ ನಂಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಗುರುತು ಹಾಕಬೇಕು. ರೈಫಲಿನ ಗುಂಡಿನ ಕೋಣೆ ಮುಚ್ಚುವ ಬೋಲ್ಟಿಗೆ ಬೇರೆ ನಂಬರಿದ್ದರೆ ಅದನ್ನೂ ಓದಿ. ಶುಚಿ ಮಾಡುವಾಗ ಎರಡು ರೈಫಲಿನ ಬೋಲ್ಟ್ ಅದಲುಬದಲಾಗುವುದು ಅಪರೂಪವೇನಲ್ಲ.

ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವ ಬದಲು ತಿಂಗಳಿಗೆ ಹನ್ನೆರಡನೇ ಒಂದು ಭಾಗ ಎಣಿಸಿದರೆ ತಪ್ಪು ಹಳತಾಗುವ ಮೊದಲೇ ಸಿಕ್ಕಿಬೀಳುತ್ತದೆ. ತಪಾಸಣೆಯ ಹಿಂದಿನ ರಾತ್ರಿ ಪಕ್ಕದ ಬೆಟಾಲಿಯನ್ನಿನಿಂದ ಸಾಲ ತಂದು ಕಪಾಟು ತುಂಬಿಸುವ ಜಾಣತನವೂ ಉಂಟು. ಅದರಿಂದ ಕೊರತೆ ತುಂಬುವುದಿಲ್ಲ, ಅಧಿಕಾರ ವಹಿಸಿಕೊಳ್ಳುವ ಮುಂದಿನವನ ತಲೆಗೆ ಬೀಳುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ಎಂಜಿನ್ ಚಾಲು ಮಾಡುತ್ತಿದ್ದರೂ ಹೊರಡುವ ದಿನ ಲಾರಿಗಳು ಯಾಕೆ ಕೈಕೊಡುತ್ತವೆ?

ಆ ವಾರದ ಐದು ನಿಮಿಷವೇ ಕಾರಣವಾಗಿರಬಹುದು. ಸ್ಟಾರ್ಟರ್ ಹೀರಿಕೊಂಡ ಚಾರ್ಜ್ ಅಷ್ಟರಲ್ಲಿ ಬ್ಯಾಟರಿಗೆ ವಾಪಸ್ ಬರುವುದಿಲ್ಲ. ಎಂಜಿನ್ ಆಯಿಲ್ ಕಾಯದೆ ಒಳಗೆ ಕೂಡಿದ ತೇವ ಆಯಿಲಿನಲ್ಲೇ ಉಳಿಯುತ್ತದೆ. ಎರಡು ವಾರಕ್ಕೊಮ್ಮೆಯಾದರೂ ಸರಿ, ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ. ಬ್ರೇಕು, ಗೇರು, ಟೈರು ಎಲ್ಲಕ್ಕೂ ಕೆಲಸ ಸಿಗುತ್ತದೆ.

ಬ್ಯಾಟರಿಯ ಇನ್ನೊಂದು ರೋಗ ಕಣ್ಣಿಗೆ ಕಾಣದು. ಸೇನಾ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಯಾರೋ ಚಾರ್ಜರಿಗೋ ಫ್ಯಾನಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತಂತಿ ಎಳೆಯುತ್ತಾರೆ. ಆ ಬ್ಯಾಟರಿ ಮಾತ್ರ ಬರಿದಾಗುತ್ತದೆ. ಆಲ್ಟರ್ನೇಟರ್ ನೋಡುವುದು ಜೋಡಿಯ ಒಟ್ಟು ವೋಲ್ಟೇಜನ್ನು. ಹಾಗಾಗಿ ಸೊರಗಿದ್ದು ಅರೆಹೊಟ್ಟೆಯಲ್ಲೇ ಉಳಿದು ಅದರ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟುತ್ತದೆ, ತುಂಬಿದ್ದು ಅತಿಯಾಗಿ ಚಾರ್ಜ್ ಆಗಿ ನೀರು ಕಳೆದುಕೊಳ್ಳುತ್ತದೆ. ಒಂದರಲ್ಲಿ 12.7, ಇನ್ನೊಂದರಲ್ಲಿ 12.1 ಇದ್ದರೂ ಮೀಟರ್ 24.8 ತೋರಿಸುತ್ತದೆ, ಚಾಲಕ ನಿಶ್ಚಿಂತನಾಗುತ್ತಾನೆ.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಲ್ಲಿಸಿ, ತಂತಿ ಬಿಚ್ಚಿ, ಎರಡನ್ನೂ ಬೇರೆಬೇರೆ ಅಳೆಯಿರಿ. 12.6ರಿಂದ 12.7 ಇದ್ದರೆ ತುಂಬಿದೆ, 12.4 ಮುಕ್ಕಾಲು, 12.2 ಸುಮಾರು ಅರ್ಧ. 0.2 ವೋಲ್ಟ್ ವ್ಯತ್ಯಾಸ ಕಂಡರೂ ಬಿಚ್ಚಿ ಪ್ರತ್ಯೇಕವಾಗಿ ಚಾರ್ಜ್ ಮಾಡಿ. ಬದಲಾಯಿಸುವುದಿದ್ದರೆ ಜೋಡಿಯನ್ನೇ ಬದಲಾಯಿಸಿ. 12 ವೋಲ್ಟ್ ಬೇಕೇ ಬೇಕೆಂದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ.

ಡೀಸೆಲ್ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಣಿದು ನೀರಾಗುತ್ತದೆ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯ ತಾರೀಖನ್ನು ಮರೆಯಬೇಡಿ, ಓಡದ ಟೈರೂ ಮುದಿಯಾಗುತ್ತದೆ. ಹಾಗೆಯೇ ದೊಡ್ಡ ಡೀಸೆಲ್ ಜನರೇಟರಿಗೆ ನಾಲ್ಕು ಬಲ್ಬು ಕಟ್ಟಿ ದಿನಗಟ್ಟಲೆ ಓಡಿಸಬೇಡಿ. ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಎಂಜಿನ್ ಸಾಕಷ್ಟು ಕಾಯುವುದಿಲ್ಲ. ಅರೆಬೆಂದ ಇಂಧನ ಹೊಗೆಕೊಳವೆಯಿಂದ ಕಪ್ಪು ಜಿಡ್ಡಾಗಿ ಒಸರುತ್ತದೆ. ಒಸರತೊಡಗಿದ್ದರೆ ಶೇ. 70ರಷ್ಟು ಲೋಡಿನಲ್ಲಿ ಕೆಲವು ಗಂಟೆ ಓಡಿಸಿ.

ಪ್ರಶ್ನೆ: 650 ಜನಕ್ಕೆ ಹತ್ತು ದಿನದ ಊಟ, ನೀರಿನ ಲೆಕ್ಕ ಹೇಗೆ ಹಾಕುತ್ತಾರೆ?

ಗುಣಾಕಾರ ಸುಲಭ: ದಿನಕ್ಕೆ ಮೂರು ಊಟದಂತೆ 19,500. ಕಷ್ಟ ಇರುವುದು ಆ 650ರಲ್ಲಿ. ರಜೆ, ಕೋರ್ಸು, ಆಸ್ಪತ್ರೆಯವರನ್ನು ಕಳೆಯಬೇಕು, ಹೊರಗಿನಿಂದ ಬಂದು ಸೇರುವ ಇಂಜಿನಿಯರುಗಳು, ಕವಾಯತಿನ ತೀರ್ಪುಗಾರರು, ಚಾಲಕರನ್ನು ಕೂಡಿಸಬೇಕು. ಅಂದಾಜು ಶೇ. 5 ತಪ್ಪಿದರೆ 975 ಊಟ ಹೆಚ್ಚೋ ಕಡಿಮೆಯೋ ಆಗುತ್ತದೆ.

ಪಡಿ ಕೊಟ್ಟರಾಯಿತು ಎಂಬ ಧೋರಣೆಗೆ ಕ್ರಿಮಿಯಾ ಯುದ್ಧದ ಕಾಫಿಯನ್ನು ನೆನೆಯಬೇಕು. 1854-55ರ ಚಳಿಗಾಲದಲ್ಲಿ ಬ್ರಿಟಿಷ್ ಸೈನಿಕರಿಗೆ ಹುರಿಯದ ಹಸಿರು ಕಾಫಿಬೀಜ ಹಂಚಿದ್ದರು. ಹುರಿಯಲು ಸೌದೆಯಿಲ್ಲ, ಪುಡಿ ಮಾಡಲು ಸಾಧನವಿಲ್ಲ. ಪ್ರತಿ ಪಡಿಗೂ ಅದಕ್ಕೆ ಬೇಕಾದ ಇಂಧನ, ಪಾತ್ರೆ, ನೀರು ಜೊತೆಯಲ್ಲೇ ಲೆಕ್ಕವಾಗಬೇಕು.

ಕುಡಿಯಲು, ಅಡುಗೆಗೆ, ತೊಳೆಯಲು ಎಂದು ತಲೆಗೆ 15 ಲೀಟರ್ ಹಿಡಿದರೂ ದಿನಕ್ಕೆ 9,750 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ ದಿನಾ ಎರಡು ಸಲ ಬರಬೇಕು. ತಿಳಿಯಾದ 5,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕುವುದಾದರೆ 10 ಗ್ರಾಂ ಕ್ಲೋರಿನ್ ಬೇಕು, ಶೇ. 30 ಸತ್ವದ ಬ್ಲೀಚಿಂಗ್ ಪುಡಿಯಾದರೆ ಸುಮಾರು 33 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಇಳಿಯಲು ಬಿಟ್ಟು, ತಿಳಿಯನ್ನಷ್ಟೇ ಟ್ಯಾಂಕರಿಗೆ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಪರೀಕ್ಷಿಸಿದಾಗ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಸೊನ್ನೆ ಬಂದರೆ ಒಂದೋ ನೀರು ಬಗ್ಗಡ, ಇಲ್ಲವೇ ಡಬ್ಬಿಯ ಮುಚ್ಚಳ ತೆರೆದಿಟ್ಟು ಪುಡಿಯ ಸತ್ವ ಹಾರಿಹೋಗಿದೆ. ಇನ್ನಷ್ಟು ಹಾಕಿದರೆ ಮತ್ತೆ ಅರ್ಧ ಗಂಟೆ ಕಾಯಲೇಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಈ ಎರಡನೆಯ ಕಾಯುವಿಕೆಯೇ.

ಬಿಸಿ ಊಟ ಒಯ್ಯುವ ಡಬ್ಬಿಗಳಿಗೆ ಮೊದಲು ಕುದಿಯುವ ನೀರು ತುಂಬಿ ಕಾಯಿಸಿ, ಚೆಲ್ಲಿ, ಆಮೇಲೆ ಊಟವನ್ನು ಕಂಠಮಟ್ಟ ತುಂಬಬೇಕು. ಅರ್ಧ ತುಂಬಿದ್ದು ಬೇಗ ತಣಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಗಂಟೆಗಟ್ಟಲೆ ಕೂತ ಅನ್ನ ಅಪಾಯ, ಏಕೆಂದರೆ ಬೆಂದ ಮೇಲೂ ಬದುಕುಳಿಯುವ ಬ್ಯಾಕ್ಟೀರಿಯಾ ಬೀಜಾಣುಗಳು ಅದರಲ್ಲಿರುತ್ತವೆ. ಶೌಚದ ಗುಂಡಿ ಅಡುಗೆ ಜಾಗದಿಂದ 100 ಮೀಟರ್, ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ, ಇಳಿಜಾರಿನ ಕಡೆಗೆ ಇರಲಿ.

ಪ್ರಶ್ನೆ: ಖಾಲಿ ತೋಟಾಗಳನ್ನು ಎಣಿಸುವುದು ಹಿತ್ತಾಳೆಯ ಆಸೆಗೇ?

ಹಿತ್ತಾಳೆ ಆಮೇಲಿನ ಮಾತು. 6,000 ಸುತ್ತು ಗುಂಡು ಕೊಟ್ಟು, 850 ಜೀವಂತ (ಹಾರಿಸದ) ಗುಂಡು ವಾಪಸ್ ಬಂದು, 5,130 ಖಾಲಿ ಸಿಕ್ಕರೆ ಇಪ್ಪತ್ತು ಎಲ್ಲಿ? ಹುಲ್ಲಿನಲ್ಲಿ ಬಿದ್ದ ಖಾಲಿಯಾದರೆ ಹೋಗಲಿ, ಯಾರದೋ ಜೇಬಿನಲ್ಲಿ ಉಳಿದ ಜೀವಂತ ಗುಂಡಾದರೆ? ಅದಕ್ಕೇ ರೇಂಜ್ (ಗುಂಡು ಹಾರಿಸುವ ಅಭ್ಯಾಸದ ಬಯಲು) ಬಿಡುವ ಮೊದಲೇ ಜೇಬು, ಚೀಲ, ಮ್ಯಾಗಜೀನ್ ಶೋಧ. ಇನ್ನು, ಒಡೆದ ಪೆಟ್ಟಿಗೆಗಳ ಉಳಿಕೆಯನ್ನು ಒಂದಕ್ಕೊಂದು ಸೇರಿಸಬೇಡಿ. ಒಂದು ಲಾಟಿನಲ್ಲಿ (ಒಟ್ಟಿಗೆ ತಯಾರಾದ ಗುಂಡುಗಳ ಕಂತಿನಲ್ಲಿ) ದೋಷ ಕಂಡು ಬಳಕೆ ನಿಲ್ಲಿಸಿದರೆ, ಲಾಟ್ ನಂಬರು ಕಲಸಿಹೋದ ಪೆಟ್ಟಿಗೆಯಿಡೀ ಮೂಲೆಗೆ ಸೇರುತ್ತದೆ.

ಪ್ರಶ್ನೆ: ಬ್ಯಾರಕ್ಕಿನಲ್ಲಿ ಚೆನ್ನಾಗಿದ್ದ ವೈರ್‌ಲೆಸ್ ಸೆಟ್ ಬಯಲಿನಲ್ಲಿ ಮೂಕವಾಗುವುದೇಕೆ?

ಐವತ್ತು ಮೀಟರ್ ದೂರದಲ್ಲಿ ಮಾತಾಡಿ ನೋಡುವುದು ಪರೀಕ್ಷೆಯೇ ಅಲ್ಲ, ಅಷ್ಟಕ್ಕೆ ಮುರಿದ ಆಂಟೆನಾ ಕೂಡ ಸಾಕು. ಕೆಲವು ಕಿಲೋಮೀಟರ್ ದೂರ ಹೋಗಿ ನೋಡಿ. ಆವರ್ತನ ಜಿಗಿಸುವ (ಕ್ಷಣಕ್ಷಣಕ್ಕೂ ಆವರ್ತನ ಬದಲಿಸುವ) ಸೆಟ್‌ಗಳಾದರೆ ಗುಪ್ತಸಂಕೇತದ ಕೀಲಿ ಒಂದೇ ಇದ್ದರೂ ಗಡಿಯಾರ ಹೊಂದದಿದ್ದರೆ ಜಾಲಕ್ಕೆ ಸೇರುವುದಿಲ್ಲ. ಹೊರಡುವ ಮುಂಜಾನೆ ಎಲ್ಲ ಸೆಟ್‌ಗಳ ಸಮಯ ಸರಿಹೊಂದಿಸಿ. ಲಿಥಿಯಂ ಬ್ಯಾಟರಿಗಳನ್ನು ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ.

ಪ್ರಶ್ನೆ: ವೈದ್ಯಕೀಯ ವಿಭಾಗಕ್ಕೆ ಶಾಂತಿಕಾಲದಲ್ಲಿ ಕೆಲಸವಿದೆಯೇ?

ಲಸಿಕೆಗಳ ಸರದಿ, 2ರಿಂದ 8 ಡಿಗ್ರಿಯ ಫ್ರಿಜ್ಜು, ಅವಧಿ ಮುಗಿಯುವ ಔಷಧಗಳ ಪಟ್ಟಿ, ವಾರ್ಷಿಕ ದೇಹಪರೀಕ್ಷೆ, ಇಷ್ಟೇ ಸಾಕು ವರ್ಷ ತುಂಬಲು. ಬಿಸಿ ಹವೆಗೆ ಹೋಗುವುದಿದ್ದರೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕೆಂದು ಕಮಾಂಡರಿಗೆ ಹೇಳಿ ಒಪ್ಪಿಸುವುದೂ ಇವರದೇ ಕೆಲಸ. ಒಂದು ಸಣ್ಣ ಮಾತು: 20.5 ಗ್ರಾಂನ ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಸೈನಿಕರು ಅದನ್ನು ಮುಕ್ಕಾಲು ಲೀಟರಿನ ಬಾಟಲಿಗೆ ಸುರಿದುಕೊಂಡರೆ ಉಪ್ಪು ಹೆಚ್ಚಾಗುತ್ತದೆ.

ಪ್ರಶ್ನೆ: ಗುಮಾಸ್ತರನ್ನು ಫೀಲ್ಡಿಗೆ ಯಾಕೆ ಕರೆದೊಯ್ಯಬೇಕು?

ಯಾವ ಲಾರಿಯಲ್ಲಿ ಯಾರು ಕೂತಿದ್ದಾರೆ ಎಂದು ಹೇಳಬಲ್ಲವರು ಅವರೇ. ಹೊರಡುವ ಮೊದಲು ಪ್ರತಿಯೊಬ್ಬರ ರಕ್ತದ ಗುಂಪು, ಸುದ್ದಿ ಮುಟ್ಟಿಸಬೇಕಾದ ಹತ್ತಿರದವರ ಹೆಸರು-ವಿಳಾಸ ಕೇಳಿ ತಿದ್ದಬೇಕು. ಮದುವೆಯಾದ ಮೇಲೂ ಆ ಕಾಗದದಲ್ಲಿ ಹಳೆಯ ಹೆಸರೇ ಉಳಿದಿರುವುದು ಬಹಳ ಸಾಮಾನ್ಯ. ಲಾರಿವಾರು ಪಟ್ಟಿಯ ಒಂದು ಪ್ರತಿ ಲಾರಿಯಲ್ಲಿ, ಒಂದು ಹೆಡ್‌ಕ್ವಾರ್ಟರ್ಸಿನಲ್ಲಿ ಇರಲಿ. ದಾರಿಯಲ್ಲಿ ಜನ ಲಾರಿ ಬದಲಿಸಿದರೆ ಎರಡನ್ನೂ ಆಗಲೇ ತಿದ್ದಿ.