ಖಾಲಿ ಪ್ಲಾಟಿನ ಜಾಲಿ, ಊರಿಗೆ ಹೋದವರ ಕೀಲಿ

ಕಾಲೊನಿ, ಲೇಔಟು, ಅಪಾರ್ಟ್‌ಮೆಂಟುಗಳನ್ನು ಚೊಕ್ಕವಾಗಿ, ಅಂಜಿಕೆ ಇಲ್ಲದೆ ಇಟ್ಟುಕೊಳ್ಳುವುದು ಹೇಗೆ ಎಂದು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇನೆ. ಗಟಾರ, ರಸ್ತೆ, ಬೀದಿದೀಪ ಅಂತ ನಗರ ಸಂಸ್ಥೆಗಳಲ್ಲಿ ಮೂರು ದಶಕ ಓಡಾಡಿ ನಿವೃತ್ತನಾದ ಎಂಜಿನಿಯರ್ ನಾನು. ಹಾಗಾಗಿ ಕೆಲವು ಉತ್ತರ ಕಚೇರಿಯವರಿಗೆ ಕಹಿ, ಕೆಲವು ನಿಮಗೇ ಕಹಿ.

ಸರ್, ವಿಜಯಪುರದಾಗ ಸೋಲಾಪುರ ರಸ್ತೆ ಕಡೆ ನಮ್ಮ ಲೇಔಟ್ ಐತಿ. 120 ಪ್ಲಾಟಿನ್ಯಾಗ ಮನಿ ಕಟ್ಟಿದವರು 48 ಮಂದಿ ಅಷ್ಟ. ಉಳಿದದ್ದೆಲ್ಲಾ ಜಾಲಿಕಂಟಿ, ಹಂದಿ, ಕಸ. ಹೋದ ವಾರ ನಾಗರಹಾವು ನಮ್ಮ ಗೇಟಿನ ಒಳಗ ಬಂದಿತ್ತು. ಪಾಲಿಕೆಯವರು ‘ಇನ್ನೂ ನಮಗ ಹಸ್ತಾಂತರ ಆಗಿಲ್ಲ’ ಅಂತಾರ. ಪ್ಲಾಟ್ ಮಾರಿದವರು ಫೋನ್ ಎತ್ತೂದಿಲ್ಲ. ಯಾರನ್ನ ಹಿಡೀಬೇಕ್ರಿ?

ಮೊದಲು ಕಾಗದ ಹಿಡಿಯಿರಿ, ಆಮೇಲೆ ಮನುಷ್ಯರನ್ನು. ನಮ್ಮ ಕಡೆ ‘ಎನ್‌ಎ ಆಗೇತಿ’ ಅಂದ ಕೂಡಲೇ ಎಲ್ಲ ಮುಗಿಯಿತು ಎಂದು ಉಸಿರು ಬಿಡುತ್ತಾರೆ. ಎನ್‌ಎ ಅಂದರೆ ಹೊಲ ಇನ್ನು ಕಾಗದದಲ್ಲಿ ಹೊಲವಲ್ಲ ಎಂಬುದಷ್ಟೇ. ಲೇಔಟ್ ನಕ್ಷೆಗೆ ಒಪ್ಪಿಗೆ ಸಿಗುವುದು ಬೇರೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳು ಸರ್ಕಾರಿ ಸಂಸ್ಥೆಯ ಹೆಸರಿಗೆ ಬರುವುದು ಮತ್ತೂ ಬೇರೆ. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಅನುಮೋದಿತ ನಕ್ಷೆ, ಅಂತಿಮ ಒಪ್ಪಿಗೆ, ಹಸ್ತಾಂತರದ ಪತ್ರ, ಈ ಮೂರರ ಪ್ರತಿ ಕೇಳಿ. ಕೊಡದೆ ತಿರುಗಾಡಿಸಿದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿಮ್ಮ ಪತ್ರದ ಉದ್ದ ನೋಡಿ ಇದನ್ನು ಮುದ್ದಾಂ ಹೇಳುತ್ತಿದ್ದೇನೆ.

ನಕ್ಷೆ ಕೈಗೆ ಬಂದರೆ ಎಷ್ಟೋ ಗುಟ್ಟು ಬಯಲಾಗುತ್ತವೆ. ಉದ್ಯಾನ ಎಂದು ಬಿಟ್ಟ ಜಾಗದಲ್ಲಿ ಯಾರದೋ ತಗಡಿನ ಶೆಡ್ ನಿಂತಿರುತ್ತದೆ. ಉದ್ಯಾನ, ಆಟದ ಬಯಲುಗಳನ್ನು ಕಾಯಲೆಂದೇ 1985ರ ರಾಜ್ಯ ಕಾಯ್ದೆ ಇದೆ. ಆದರೆ ನಕ್ಷೆ ತೋರಿಸದೆ ಬರೀ ಬಾಯಿಮಾತಿಗೆ ಯಾವ ಅಧಿಕಾರಿಯೂ ಜಾಗ ಬಿಟ್ಟು ಏಳುವುದಿಲ್ಲ.

ಎರಡನೆಯದು, ಸಂಘ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಬಹುದು. ಒಬ್ಬೊಬ್ಬರೇ ಬರೆದ ಅರ್ಜಿ ಎಲ್ಲಿ ಹೋಗುತ್ತದೆ ಎಂದು ನಾನು ಒಳಗಿದ್ದು ನೋಡಿದ್ದೇನೆ. ನೋಂದಣಿ ಸಂಖ್ಯೆ, ಠರಾವಿನ ಪ್ರತಿ, ಸ್ವೀಕೃತಿ ಮುದ್ರೆ ಇರುವ ಅರ್ಜಿಗೆ ಕಡತ ತೆರೆಯಲೇಬೇಕಾಗುತ್ತದೆ.

ಮೂರನೆಯದು, ಪ್ಲಾಟ್ ಮಾರಿದವರು. 500 ಚದರ ಮೀಟರಿಗಿಂತ ದೊಡ್ಡದಾದ, 2017ರ ಮೇ 1ರ ನಂತರ ಮಾರಾಟಕ್ಕೆ ಬಂದ ಲೇಔಟ್ ಆಗಿದ್ದರೆ ಅದು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು. ಸಂಘ ವಹಿಸಿಕೊಳ್ಳುವ ತನಕ ಅಗತ್ಯ ಸೌಲಭ್ಯಗಳನ್ನು ನಡೆಸಿಕೊಂಡು ಹೋಗುವ ಹೊಣೆ, ತಕ್ಕ ಶುಲ್ಕ ಪಡೆದು, ಲೇಔಟ್ ಮಾಡಿದವರದೇ. ಫೋನ್ ಎತ್ತದವರು ರೇರಾ ನೋಟಿಸ್ ಬಂದರೆ ತಾವೇ ಫೋನ್ ಮಾಡುತ್ತಾರೆ. ಆ ದಿನಕ್ಕೆ ಮುಂಚೆಯೇ ಕೆಲಸ ಮುಗಿದಿದ್ದ ಹಳೆಯ ಲೇಔಟಾದರೆ ಈ ದಾರಿ ಇಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ಬಾಗಿಲನ್ನೇ ಬಡಿಯಬೇಕು.

ಇನ್ನು ಖಾಲಿ ಪ್ಲಾಟು. ನನ್ನ ಅನುಭವದಲ್ಲಿ ಕಾಲೊನಿಯ ಮುಕ್ಕಾಲು ತಂಟೆ ಹುಟ್ಟುವುದು ಇಲ್ಲಿ. ಕಸ ಬಿದ್ದಲ್ಲಿ ಹಂದಿ ಮತ್ತು ಇಲಿ, ಇಲಿ ಇದ್ದಲ್ಲಿ ಹಾವು, ಕಂಟಿ ಬೆಳೆದಲ್ಲಿ ಕತ್ತಲು, ಕತ್ತಲಲ್ಲಿ ಬಾಟಲಿ. ಪಾಲಿಕೆ ಪ್ಲಾಟಿನ ಮಾಲೀಕರಿಗೆ ನೋಟಿಸ್ ಕೊಡಬಹುದು, ಕೇಳದಿದ್ದರೆ ತಾನೇ ಸ್ವಚ್ಛ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಆ ಕೆಲಸ ಆಗುವಷ್ಟರಲ್ಲಿ ಜಾಲಿ ಎರಡಾಳು ಎತ್ತರ ಬೆಳೆದಿರುತ್ತದೆ. ಮಾಲೀಕರ ಹೆಸರು ಆಸ್ತಿಯ ಉತಾರದಲ್ಲಿ (ದಾಖಲೆಯ ಪ್ರತಿಯಲ್ಲಿ) ಸಿಗುತ್ತದೆ; ಬಹಳ ಮಂದಿ ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿ ಇರುತ್ತಾರೆ, ಪ್ಲಾಟ್ ನೋಡಿ ಐದು ವರ್ಷ ಆಗಿರುತ್ತದೆ. ಬೈಯಬೇಡಿ. ಈಗಿನ ಫೋಟೊ ಕಳಿಸಿ, ಜೆಸಿಬಿಯ ಒಂದು ದಿನದ ಬಾಡಿಗೆಯನ್ನು ಪ್ಲಾಟುಗಳ ಮೇಲೆ ಹಂಚಿದರೆ ತಲೆಗೆಷ್ಟು ಬೀಳುತ್ತದೆ ಎಂದು ಲೆಕ್ಕ ಕಳಿಸಿ. ‘ಬಾಂದುಗಲ್ಲು ಕಾಣಸವಲ್ವು’ ಎಂಬ ಒಂದು ಸಾಲು ಸೇರಿಸಿ. ಕಸದ ಚಿಂತೆ ಇಲ್ಲದವರಿಗೂ ಹದ್ದಿನ ಚಿಂತೆ ಇದ್ದೇ ಇರುತ್ತದೆ.

ಬಳ್ಳಾರಿ ಜಾಲಿಯನ್ನು ಕೊಡಲಿಯಿಂದ ಬುಡಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದು ಚಿಗುರುತ್ತವೆ. ನೆಲದೊಳಗಿನ ಬೇರಿನ ಗಡ್ಡೆ ಸಮೇತ ಕೀಳಬೇಕು. ನಮ್ಮ ಎರಿ ಮಣ್ಣು ಒಣಗಿದರೆ ಬಂಡೆ, ನೆನೆದರೆ ಅಂಟು. ಮೊದಲ ಮಳೆ ಬಿದ್ದು ಎರಡು-ಮೂರು ದಿನ ಬಿಟ್ಟು ಜೆಸಿಬಿ ಇಳಿಸಿ. ಆಮೇಲೆ ನೆಲ ಬೋಳಾಗಿ ಬಿಡಬೇಡಿ. ಮಾಲೀಕರ ಲಿಖಿತ ಒಪ್ಪಿಗೆ ಪಡೆದು ಹಿಂಗಾರಿಗೆ ಕಡಲೆ ಚೆಲ್ಲಿ. ಕಡಲೆ ಎದ್ದು ನಿಂತ ಪ್ಲಾಟಿನೊಳಗೆ ಕಸದ ಚೀಲ ಎಸೆಯಲು ಎಂಥವನ ಕೈಯೂ ಹಿಂಜರಿಯುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಪ್ಪಿಗೆ ಪತ್ರದಲ್ಲಿ ‘ಒಂದು ಹಂಗಾಮಿಗೆ ಮಾತ್ರ’ ಎಂದು ಬರೆದುಕೊಡಿ, ಅವರಿಗೂ ಧೈರ್ಯ.

ಹಾವು ಕಂಡರೆ ಹೊಡೆಯಬೇಡಿ. ಹಿಡಿಯುವವರನ್ನು ಕರೆಯಿರಿ, ಬರುವ ತನಕ ದೂರದಿಂದ ಕಣ್ಣಿಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ನೇರ ಜಿಲ್ಲಾಸ್ಪತ್ರೆಗೆ ಹೋಗಿ.

ನಳದ ನೀರು ದಿನಾ ಬರೂದಿಲ್ಲ. ಬಂದಾಗ ಬ್ಯಾರಲ್, ಕೊಡ, ಹೌದು (ನೀರಿನ ತೊಟ್ಟಿ) ಎಲ್ಲಾ ತುಂಬಿಸಿ ಇಡತೀವಿ. ಬಾಜೂ ಮನಿ ಹುಡುಗಗ ಡೆಂಗಿ ಆತು. ಸಂಘದವರು ಹೊಗಿ ಹೊಡಸಾಕ ಒಲ್ಲೆ ಅಂತಾರ. ನೀವರೆ ಹೇಳ್ರಿ. — ಗೃಹಿಣಿ, ವಿಜಯಪುರ

ಅಕ್ಕಾರ, ಈ ಒಂದು ವಿಷಯಕ್ಕೆ ನಾನು ಸಂಘದವರ ಪಕ್ಷ. ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ನಿಮ್ಮ ಬ್ಯಾರಲಿನಲ್ಲಿ ಕುಣಿಯುವ ಮರಿಗೆ ಏನೂ ಆಗುವುದಿಲ್ಲ, ನಾಲ್ಕು ದಿನದಲ್ಲಿ ಅದೂ ರೆಕ್ಕೆ ಬಿಚ್ಚುತ್ತದೆ. ಡೆಂಗಿ ಸೊಳ್ಳೆ ಗಟಾರದ ಸೊಳ್ಳೆಯಲ್ಲ. ಅದಕ್ಕೆ ಬೇಕಾದದ್ದು ನೀವು ಜತನದಿಂದ ತುಂಬಿಟ್ಟ ತಿಳಿನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ ಪಾತ್ರೆ ಒಣಗಿಸಿ ಎನ್ನುವುದು.

ನೀರು ಚೆಲ್ಲಿ ಬೋರಲು ಹಾಕಿದರೆ ಸಾಲದು. ಮೊಟ್ಟೆ ಅಂಟಿರುವುದು ನೀರಿನ ಅಂಚಿನ ಮೇಲೆ, ಬ್ಯಾರಲಿನ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಒಳಮೈಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಬೇಕು. ತುಂಬಿದ ಮೇಲೆ ಹಳೆ ಸೀರೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿ. ಹೌದಿನ ಮುಚ್ಚಳದ ಸಂದಿ, ಟಾಕಿಯ ಗಾಳಿ ಪೈಪಿನ ಬಾಯಿ, ಬ್ಯಾಸಗಿ ಮುಗಿದ ಮೇಲೆ ಮೂಲೆಗೆ ತಳ್ಳಿದ ಕೂಲರ್, ಇವನ್ನು ಯಾರೂ ನೋಡುವುದಿಲ್ಲ. ತೆರೆದ ದೊಡ್ಡ ತೊಟ್ಟಿ ಇದ್ದರೆ ಗಪ್ಪಿ ಮೀನು ಬಿಡಿ. ಖಾಲಿ ಪ್ಲಾಟಿನಲ್ಲಿ ಬಿದ್ದ ಎಳನೀರು ಚಿಪ್ಪು, ಹಳೆ ಟೈರು, ಚಹದ ಕಪ್ಪು ಮರೆತರೆ ಮನೆಯೊಳಗೆ ತಿಕ್ಕಿದ್ದು ವ್ಯರ್ಥ. ಸಂಘದವರು ಹೊಗೆಯ ರೊಕ್ಕ ಉಳಿಸಿದ್ದಾರಲ್ಲ, ಆ ರೊಕ್ಕದಲ್ಲಿ ಇದನ್ನು ಆರಿಸಿಸಲಿ.

ನಮ್ಮೂರಿನಲ್ಲಿ ನೀರಿನ ಗಂಜ್‌ಗಳು ಇನ್ನೂ ನಿಂತಿವೆ, ಆದಿಲ್‌ಶಾಹಿ ಕಾಲದವು. ಬೇಗಂ ತಲಾಬ ಎಂಬ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ಬರುವ ನೀರಿನ ಒತ್ತಡ ಇಳಿಸಲು, ಕೆಸರು ತಳಕ್ಕೆ ಕೂಡಲು ಕಟ್ಟಿದ ಗೋಪುರಗಳು ಅವು. ನೀರು ನಿಂತಲ್ಲಿ ತಳ ತೊಳೆಯಬೇಕಾಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ನೀವು ಆರು ತಿಂಗಳಿಗೊಮ್ಮೆ ಹೌದು ತೊಳೆಸಿ. ತೊಳೆಯುವವನು ಇಳಿಯುವ ಮುಂಚೆ ಮೋಟರಿನ ಮೇನ್ ತೆಗೆದು, ಮುಚ್ಚಳ ಬಿಚ್ಚಿ ಗಾಳಿಯಾಡಲು ಬಿಡಿ. ಮೇಲೆ ಒಬ್ಬ ನಿಂತಿರಲಿ.

ಇದು ಕುಡಿಯುವ ನೀರಿನ ಹೌದಿನ ಮಾತು. ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಮನುಷ್ಯನನ್ನು ಯಾವ ಕಾರಣಕ್ಕೂ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅದು ಅಪರಾಧ. ಅಲ್ಲಿನ ಗಾಳಿ ಎರಡು ಉಸಿರಿಗೆ ಆಳನ್ನು ಕೆಡವುತ್ತದೆ. ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಸಹಾಯವಾಣಿ 14420ಕ್ಕೆ ಕರೆ ಮಾಡಿ ಅಥವಾ ಪಾಲಿಕೆಯ ಹೀರುಯಂತ್ರದ ಗಾಡಿ ಕರೆಸಿ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೆಕ್ಟರಿನಲ್ಲಿ ರಜೆಯ ದಿನಗಳಲ್ಲಿ ಎರಡು ಮನೆ ಕಳವಾದವು. ಯುವಕರು ರಸ್ತೆಗೆ ಗೇಟ್ ಹಾಕಿ, ಕ್ಯಾಮೆರಾ, ವಾಚ್‌ಮನ್ ಇಡೋಣ ಎನ್ನುತ್ತಾರೆ. ಪಟ್ಟಿ ಎತ್ತಲು ಶುರುವಾಗಿದೆ. ನಿಮ್ಮ ಸಲಹೆ? — ನಿವೃತ್ತ ಶಿಕ್ಷಕ

ಗುರುಗಳೇ, ಗೇಟಿನ ಪಟ್ಟಿ ಮೊದಲು ನಿಲ್ಲಿಸಿ. ಸಾರ್ವಜನಿಕ ರಸ್ತೆಗೆ ಗೇಟ್ ಹಾಕುವ ಅಧಿಕಾರ ನಿವಾಸಿಗಳಿಗಿಲ್ಲ, ನಾಳೆ ಅಂಬುಲೆನ್ಸ್ ನಿಂತರೆ ಉತ್ತರ ಕೊಡುವವರು ನೀವು. ಮೊದಲು ರಾತ್ರಿ ಹತ್ತಕ್ಕೆ ನಾಲ್ಕು ಜನ ಸೆಕ್ಟರ್ ಸುತ್ತಿ, ಕತ್ತಲಿರುವ ಕಂಬಗಳ ಸಂಖ್ಯೆ ಬರೆದುಕೊಳ್ಳಿ. ದೀಪಕ್ಕೆ ಖರ್ಚು ಕಮ್ಮಿ, ಫಲ ಹೆಚ್ಚು. ಆಮೇಲೆ ಕ್ಯಾಮೆರಾ.

ಕ್ಯಾಮೆರಾ ಎಂದರೆ ಎಲ್ಲರೂ ಕಂಬದ ತುದಿಗೆ ಏರಿಸುತ್ತಾರೆ. ಕಾಣುವುದು ಕಳ್ಳನ ಟೊಪ್ಪಿಗೆ. ಒಳಗೆ ಬರುವ ದಾರಿಗೆ ಒಂದನ್ನು ಕೆಳಗಿಟ್ಟು ಗಾಡಿಯ ನಂಬರ್ ಓದುವಂತೆ ತಿರುಗಿಸಿ. ರೆಕಾರ್ಡರ್ ಬೀಗದ ಕೋಣೆಯಲ್ಲಿರಲಿ, ಯುಪಿಎಸ್ ಇರಲಿ. ಕರೆಂಟ್ ಹೋದಾಗ ಕಣ್ಣು ಮುಚ್ಚುವ ಕ್ಯಾಮೆರಾ ಯಾಕೆ? ಕನಿಷ್ಠ 30 ದಿನದ ಚಿತ್ರ ಉಳಿಯುವಂತೆ ಹಾಕಿಸಿ. ಹದಿನೈದು ದಿನ ಊರಿಗೆ ಹೋದವರು ಬಂದು ನೋಡುವಷ್ಟರಲ್ಲಿ ವಾರದ ರೆಕಾರ್ಡಿಂಗ್ ತನ್ನಷ್ಟಕ್ಕೆ ಅಳಿಸಿರುತ್ತದೆ. ಯಾರ ಮನೆಯ ಕಿಟಕಿಯೂ ಅದರಲ್ಲಿ ಬೀಳಬಾರದು; ಕಳ್ಳತನಕ್ಕಿಂತ ದೊಡ್ಡ ಜಗಳ ಅದರಿಂದ ಆದದ್ದುಂಟು.

ವಾಚ್‌ಮನ್‌ನನ್ನು ಏಜೆನ್ಸಿಯಿಂದ ತರುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪರವಾನಗಿ ತೋರಿಸಲು ಹೇಳಿ. ಅವನಿಗೆ ಕುರ್ಚಿ, ಕುಡಿಯುವ ನೀರು, ಶೌಚಾಲಯ ಕೊಡಿ. ಇಷ್ಟೂ ಕೊಡದ ಕಾಲೊನಿಯಲ್ಲಿ ಅವನು ರಾತ್ರಿ ಎಲ್ಲಿ ಹೋದ ಎಂದು ಕೇಳುವ ಹಕ್ಕು ಯಾರಿಗಿದೆ?

ಇಷ್ಟೆಲ್ಲ ಮಾಡಿದರೂ ಕಳ್ಳ ಮೊದಲು ಓದುವುದು ಅಂಗಳವನ್ನು. ಎರಡು ದಿನ ಕಸ ಗುಡಿಸಿಲ್ಲ, ರಂಗೋಲಿ ಇಲ್ಲ, ಹಾಲಿನ ಪ್ಯಾಕೆಟ್ ಗೇಟಿಗೆ ನೇತಾಡುತ್ತಿದೆ, ಬಾಗಿಲಿಗೆ ಹೊರಗಿನಿಂದ ದೊಡ್ಡ ಕೀಲಿ. ಇನ್ನೇನು ಹೇಳಬೇಕು? ಸಂಕ್ರಮಣದ ಜಾತ್ರೆಗೋ ಬೇಸಿಗೆ ರಜೆಗೋ ಹೋಗುವಾಗ ನೆರೆಯವರಿಗೆ ಹೇಳಿ ಅಂಗಳಕ್ಕೆ ನೀರು ಹಾಕಿಸಿ, ನಾಲ್ಕೆಳೆ ರಂಗೋಲಿ ಬಿಡಿಸಿ. ಹಾಲು, ಪೇಪರ್ ನಿಲ್ಲಿಸಿ. ಬೀಟ್ ಪೊಲೀಸರಿಗೆ ತಿಳಿಸಿ. ಬಂಗಾರ ಬ್ಯಾಂಕಿನಲ್ಲಿಡಿ. ಪ್ರವಾಸದ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದು ತಿರುಗಿ ಬಂದ ಮೇಲೆ. ಅನುಮಾನದ ಸದ್ದು ಕೇಳಿದರೆ ಬಾಗಿಲು ತೆರೆದು ಹೊರಬೀಳದೆ 112ಕ್ಕೆ ಕರೆ ಮಾಡಿ.

ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಬಂದವರಿಗೆ ಇದನ್ನು ಹೇಳುವುದು ನನಗೇ ಮುಜುಗರ. ಹಳೆ ಬಾಗಲಕೋಟೆಯ ಓಣಿಯಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರು ‘ಯಾರ ಮನಿಗೆ ಬಂದೀಯಪಾ?’ ಎಂದು ಕೇಳದೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ಅಗಲ ರಸ್ತೆ ಕೊಟ್ಟೆವು, ಕಟ್ಟೆ ಕೊಡಲಿಲ್ಲ. ಸಂಘದ ರೊಕ್ಕ ಉಳಿದರೆ ಮೂಲೆಯ ಬೇವಿನ ಕೆಳಗೆ ಫರ್ಸಿಯ ಒಂದು ಕಟ್ಟೆ ಹಾಕಿಸಿ.

ಬೆಳಗಾವಿಯ ಟಿಳಕವಾಡಿಯಲ್ಲಿ ಫ್ಲ್ಯಾಟ್ ಪಡೆದು ಮೂರು ವರ್ಷ. ಮಳೆಗಾಲದಲ್ಲಿ ಟೆರೇಸ್ ಸೋರುತ್ತದೆ. ಬಿಲ್ಡರ್ ‘ಸಂಘ ಆದ ಮೇಲೆ ನನಗೆ ಸಂಬಂಧವಿಲ್ಲ’ ಎನ್ನುತ್ತಾರೆ. ನಾಲ್ಕು ಮನೆಯವರು ನಿರ್ವಹಣೆ ಹಣವನ್ನೂ ಕೊಡುತ್ತಿಲ್ಲ.

ಸಂಬಂಧ ಇದೆ. ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷ ತೋರಿಸಿಕೊಟ್ಟರೆ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಬಾಯಲ್ಲಿ ಹೇಳಬೇಡಿ, ಫೋಟೊ, ತಾರೀಖು ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಬೆಳಗಾವಿಯ ಮಳೆ ವಿಜಯಪುರದ ಎರಡು ಪಟ್ಟಿಗೂ ಹೆಚ್ಚು, ಇಲ್ಲಿಯ ಟೆರೇಸಿನ ಕೆಲಸದಲ್ಲಿ ಮುಚ್ಚುಮರೆ ನಡೆಯುವುದಿಲ್ಲ. ಇನ್ನು ಹಣ ಕೊಡದವರ ನೀರು ಕಡಿಯುವ ಯೋಚನೆ ಬಿಡಿ, ಕೋರ್ಟಿನಲ್ಲಿ ನಿಲ್ಲುವವರು ನೀವಾಗುತ್ತೀರಿ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ ನೋಂದಣಿ ಆಗಿದ್ದರೆ ಬಾಕಿ ಆ ಫ್ಲ್ಯಾಟಿನ ಮೇಲೇ ಬೋಜಾ (ಋಣಭಾರ) ಆಗಿ ಕೂಡುತ್ತದೆ. ಮಾರಲು ಹೊರಟ ದಿನ ಓಡಿ ಬರುತ್ತಾರೆ.

ನಮ್ಮ ಓಣ್ಯಾಗ ಹುಡುಗೂರು ಬೈಕ್ ಜೋರ್ ಹೊಡೀತಾರ ಅಂತ ನಾವ ಸಿಮೆಂಟ್ ಹಾಕಿ ಹಂಪ್ ಕಟ್ಟೀವಿ. ಈಗ ಕಾರಿನ ತಳ ಬಡೀತೈತಿ ಅಂತ ಎಲ್ಲಾರೂ ಬೈತಾರ್ರಿ. — ಇಂಡಿ

ಅದು ಹಂಪ್ ಅಲ್ಲಪ್ಪ, ಹೊಲದ ಬದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಲ್ಲಿ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. 25 ಕಿಲೋಮೀಟರ್ ವೇಗದ ಗಾಡಿ ಮೆಲ್ಲಗೆ ಏರಿ ಇಳಿಯಬೇಕು. ನಿಮ್ಮದನ್ನು ಒಡೆಸಿ, ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಅವರಿಂದಲೇ ಹಾಕಿಸಿ, ಬಿಳಿ ಪಟ್ಟಿ ಬಳಿಸಿ, ಮುಂಚೆಯೇ ಕಾಣುವಂತೆ ಫಲಕ ನಿಲ್ಲಿಸಿ. ಅಲ್ಲಿಯ ತನಕ ಅದಕ್ಕೆ ಸುಣ್ಣವನ್ನಾದರೂ ಹಚ್ಚಿ, ರಾತ್ರಿ ಬೈಕಿನವರು ಬೀಳದಿರಲಿ.