ವಾಹನ ಪ್ರಶ್ನೋತ್ತರ: ಅಂಗಳಕ್ಕೆ ಬೀಳುವ ಆಯಿಲ್ ಎಲ್ಲಿಂದ?

ಪ್ರಶ್ನೆ: ನಮ್ಮದು 1998ರ ಕಾರ್ಬುರೇಟರ್ ಮಾರುತಿ 800. ರಾತ್ರಿ ನಿಲ್ಲಿಸಿದಲ್ಲಿ ಬೆಳಗ್ಗೆ ನಾಲ್ಕೈದು ಹನಿ ಆಯಿಲ್ ಬಿದ್ದಿರುತ್ತದೆ. ಅಡಿಕೆ ಒಣಗಿಸುವ ಅಂಗಳವಾದ್ದರಿಂದ ಮನೆಯಲ್ಲಿ ದಿನಾ ತಕರಾರು. ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಂದಿನ ಆಯಿಲ್ ಸೀಲ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಲೇ?
– ಓದುಗರು, ಬದಿಯಡ್ಕ

ಉತ್ತರ: ಈಗಲೇ ಬೇಡ. ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಚೇಂಬರಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ತುದಿಯಿಂದ ಬಿದ್ದರೂ ಸೋರುವ ಜಾಗ ಒಂದಡಿ ಮೇಲಿರಬಹುದು. ನಮ್ಮ ಕಡೆಯ ಕೆಂಪು ಧೂಳು ಆಯಿಲಿಗೆ ಅಂಟಿ ಎಂಜಿನ್ನಿನ ಮೈಮೇಲೆ ದಪ್ಪ ಪದರ ಕಟ್ಟಿರುವಾಗ ಯಾರಿಗೂ ನಿಖರವಾಗಿ ಹೇಳಲಾಗದು. ಮೊದಲು ತೊಳೆಯಿರಿ. ಎಂಜಿನ್ ಪೂರ್ತಿ ತಣಿದ ಮೇಲೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ), ಆಲ್ಟರ್ನೇಟರ್, ಕಾರ್ಬುರೇಟರ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ ಒಣಗಿಸಿ. ಅನುಮಾನದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ, 15–20 ಕಿ.ಮೀ. ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಮೊದಲ ಕಳ್ಳ.

ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಅದು ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗ್. ಬಿಸಿಗೆ ರಬ್ಬರ್ ಗಟ್ಟಿಯಾಗಿ ಒತ್ತುವ ಗುಣ ಕಳೆದುಕೊಂಡಿರುತ್ತದೆ. ಬೋಲ್ಟ್ ಇನ್ನಷ್ಟು ಬಿಗಿಮಾಡಿದರೆ ಸೋರಿಕೆ ಹೆಚ್ಚುವುದೇ ಜಾಸ್ತಿ: ತಗಡಿನ ಕವರ್ ಬೋಲ್ಟಿನ ಹತ್ತಿರ ತಗ್ಗಿ, ನಡುವೆ ಎದ್ದು ನಿಲ್ಲುತ್ತದೆ. ಕವರ್ ತೆಗೆದು ಅಂಚನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಪರೀಕ್ಷಿಸಿ. ಹಳೆಯ ಪ್ಯಾಕಿಂಗಿನ ಚೂರು ಒಂದೂ ಉಳಿಯಬಾರದು. ಕೆರೆಯಲು ಪ್ಲಾಸ್ಟಿಕ್ ಪಟ್ಟಿ ಸಾಕು, ಉಳಿ ಬೇಡ. ಹೊಸ ಪ್ಯಾಕಿಂಗ್ ಜೊತೆ ಬೋಲ್ಟಿನ ರಬ್ಬರ್ ವಾಷರುಗಳನ್ನೂ ಬದಲಿಸಿ. ಎಲ್ಲ ಬೋಲ್ಟುಗಳನ್ನು ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ದಾಟಬಾರದು, ಅಂದರೆ ಚಿಕ್ಕ ಹಿಡಿಯಲ್ಲಿ ಮಣಿಕಟ್ಟಿನ ಬಲ ಅಷ್ಟೆ. ರಬ್ಬರ್ ಪ್ಯಾಕಿಂಗಿನ ಉದ್ದಕ್ಕೂ ಸಿಲಿಕೋನ್ ಮೆತ್ತುವ ಅಭ್ಯಾಸ ಕೆಟ್ಟದ್ದು. ಒಳಕ್ಕೆ ಬಂದ ಸಿಲಿಕೋನ್ ಕಳಚಿ ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿ ಮುಚ್ಚಿದರೆ ಎಂಜಿನ್ನೇ ಹೋಗುತ್ತದೆ.

ಕವರ್ ಒಣಗಿದ್ದರೆ ಮುಂದಿನ ಅನುಮಾನ ಡಿಸ್ಟ್ರಿಬ್ಯೂಟರ್ ಬುಡದ ಸೀಲ್, ಆಮೇಲೆ ಆಯಿಲ್ ಪ್ರೆಶರ್ ಸ್ವಿಚ್. ಸ್ವಿಚ್ಚಿನ ವಯರ್ ಎಳೆದಾಗ ಒಳಗೆ ಆಯಿಲ್ ಇದ್ದರೆ ಅದನ್ನು ಬದಲಿಸಿ. ಸ್ವಿಚ್ಚಿನ ಮರೆ (ತಿರುಪಿನ ಎಳೆ) ಸುತ್ತ ಟೆಫ್ಲಾನ್ ಟೇಪ್ ದಪ್ಪಕ್ಕೆ ಸುತ್ತಬೇಡಿ: ಒಂಟಿ ವಯರಿನ ಸ್ವಿಚ್ಚಿಗೆ ಅರ್ತ್ ಸಿಗುವುದೇ ಮರೆಯಿಂದ, ಅದು ತಪ್ಪಿದರೆ ಪ್ರೆಶರ್ ಇಳಿದಾಗಲೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯದು.

ಇನ್ನು, ಎರಡು ಮೂರು ಕಡೆ ಒಟ್ಟಿಗೆ ಒಸರುತ್ತಿದ್ದರೆ ಪ್ಯಾಕಿಂಗ್ ಬದಲಿಸುವ ಮೊದಲೇ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ನೋಡಿ. ಅದು ಕಟ್ಟಿದರೆ ಎಂಜಿನ್ ಒಳಗೆ ಒತ್ತಡ ಏರಿ, ಇದ್ದ ಸೀಲುಗಳಿಂದೆಲ್ಲ ಆಯಿಲ್ ಹೊರಗೆ ತಳ್ಳುತ್ತದೆ. ಹೊಸ ಸೀಲೂ ತಡೆಯದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ರಂಧ್ರದ ಮೇಲೆ ಕಾಗದವಿಟ್ಟರೆ ಅದು ಮೆಲ್ಲಗೆ ಅಂಟಿಕೊಳ್ಳಬೇಕು. ಹಾರಿದರೆ ಪೈಪ್ ಮತ್ತು ಪಿಸಿವಿ ವಾಲ್ವ್ (ಆ ಗಾಳಿಯ ಹರಿವು ನಿಯಂತ್ರಿಸುವ ಕವಾಟ) ಕಳಚಿ ತೊಳೆಯಿರಿ; ಅಲ್ಲಾಡಿಸಿದಾಗ ಕಟಕಟ ಎನ್ನದ ವಾಲ್ವ್ ಬದಲಿಸುವುದೇ ಸರಿ. ತೊಳೆದ ಮೇಲೂ ಕಾಗದ ಜೋರಾಗಿ ಹಾರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು, ಕಂಪ್ರೆಶನ್ ಪರೀಕ್ಷೆ ಮಾಡಿಸಿ.

ಮೇಲೆಲ್ಲ ಒಣಗಿದ್ದೂ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ತಳದಿಂದ ತೊಟ್ಟಿಕ್ಕಿದರೆ ಮಾತ್ರ ಗ್ಯಾರೇಜಿನವರ ಮಾತು ಒಪ್ಪಬಹುದು. ಆಗಲೂ ಮೂಸಿ ನೋಡಿ. ಗಂಧಕದ ಕಟು ವಾಸನೆಯಿದ್ದರೆ ಅದು ಗೇರ್ ಆಯಿಲ್, ಸೋರುವುದು ಗೇರ್‌ಬಾಕ್ಸಿನ ಸೀಲ್. ಹೇಗಿದ್ದರೂ ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ನೋಡಿಸಿ. ಕೂಲಿ ಎರಡು ಸಲ ಕೊಡಬೇಕಿಲ್ಲ.

ಅಲ್ಲಿಯತನಕ ವಾರಕ್ಕೊಮ್ಮೆ ಸಮತಟ್ಟಿನಲ್ಲಿ ಡಿಪ್‌ಸ್ಟಿಕ್ ನೋಡುತ್ತಿರಿ. ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದು ಹೊಗೆ ಬಂದರೆ ಮಾತ್ರ ಗಾಡಿ ಓಡಿಸದೆ ರಿಪೇರಿ ಮಾಡಿಸಿ. ಬೆಂಕಿಯ ಅಪಾಯ ಉಂಟು.

ಪ್ರಶ್ನೆ: ದಪ್ಪ ಆಯಿಲ್ ಅಥವಾ ಲೀಕ್ ನಿಲ್ಲಿಸುವ ದ್ರವ ಹಾಕಿದರೆ ಸಾಕೇ?
– ಓದುಗರು, ಉಪ್ಪಳ

ಉತ್ತರ: ಆ ದ್ರವ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ, ಆಯಿಲ್ ಸೀಲ್ ಬರೀ ಒಸರುವ ಹಂತದಲ್ಲಿದ್ದರೆ ಕೆಲವು ಕಾಲ ನಡೆಯಬಹುದು. ಹರಿದ ಪ್ಯಾಕಿಂಗ್, ಬಗ್ಗಿದ ಕವರಿಗೆ ಪ್ರಯೋಜನವಿಲ್ಲ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ದಪ್ಪದ ಆಯಿಲ್, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೇಲಕ್ಕೆ ತಲುಪಲು ತಡಮಾಡುತ್ತದೆ.

ಪ್ರಶ್ನೆ: ಆಯಿಲ್, ಫಿಲ್ಟರ್ ಬದಲಿಸಿದ ಮರುದಿನವೇ ಫಿಲ್ಟರ್ ಹತ್ತಿರ ಜೋರಾಗಿ ಸೋರುತ್ತಿದೆ. ಹೊಸ ಫಿಲ್ಟರೇ ಕೆಟ್ಟಿದೆಯೇ?
– ಓದುಗರು, ಕುಂಬಳೆ

ಉತ್ತರ: ಎಂಜಿನ್ ತಕ್ಷಣ ನಿಲ್ಲಿಸಿ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತಿರುವ ಸಾಧ್ಯತೆಯೇ ಹೆಚ್ಚು. ಫಿಲ್ಟರ್ ಬಿಚ್ಚಿ ಹಳೆಯ ರಿಂಗ್ ತೆಗೆದು, ಹೊಸದರ ರಿಂಗಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿದ್ದಾರೆಯೇ ಎಂದೂ ಕೇಳಿ. ಕಡಿಮೆಯಾದಷ್ಟು ಆಯಿಲ್ ತುಂಬಿದ ಮೇಲಷ್ಟೇ ಸ್ಟಾರ್ಟ್ ಮಾಡಿ.