ಬೀಗರು ಬಂದರೆ ಎಲ್ಲಿಗೆ ಕರೆದೊಯ್ಯುವುದು?

ಊರಿಗೆ ಬರುವ ನೆಂಟರು, ಮನೆಯವರ ಹುಟ್ಟುಹಬ್ಬ, ಪರವೂರಿನ ಪ್ರಯಾಣ: ಹೋಟೆಲ್ ಆರಿಸುವ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಮಗಳ ಸಂಬಂಧ ಗಟ್ಟಿಯಾಗಿದೆ. ಮುಂದಿನ ತಿಂಗಳು ಒಂದು ಭಾನುವಾರ ಬೀಗರು ಧಾರವಾಡದಿಂದ ಬರುತ್ತಾರೆ. ಅವರು ಎಂಟು ಮಂದಿ, ನಾವು ಆರು. ಬೀಗರ ತಾಯಿಗೆ ಮಂಡಿನೋವು. ಇಬ್ಬರು ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವುದಿಲ್ಲ. ಹುಡುಗರಿಗೆ ಪನೀರ್, ನಾನ್ ಬೇಕು. ನಮ್ಮ ಮನೆ ಚಿಕ್ಕದು, ಹೋಟೆಲಿಗೇ ಹೋಗಬೇಕು. ಎಂಥದ್ದು ನೋಡಲಿ?
– ಓದುಗರು, ಬಳ್ಳಾರಿ

ಉತ್ತರ: ಬೀಗರ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಟೆಲ್ ಹುಡುಕಿ, ಉಳಿದವರ ಮಾತು ಆಮೇಲೆ. ಹುಡುಗರು ಎಲ್ಲಿ ಕೂರಿಸಿದರೂ ಉಣ್ಣುತ್ತಾರೆ. ಅಜ್ಜಿ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರೆ ಹದಿನಾಲ್ಕೂ ಮಂದಿಯ ಊಟ ಕೆಡುತ್ತದೆ. ನಮ್ಮ ಕಡೆ ಎಸಿ ಫ್ಯಾಮಿಲಿ ಹಾಲ್ ಸಾಮಾನ್ಯವಾಗಿ ಮೊದಲನೇ ಮಹಡಿಯಲ್ಲಿರುತ್ತದೆ. ಲಿಫ್ಟ್ ಇದ್ದರೂ ಜನರೇಟರಿಗೆ ಜೋಡಿಸಿದ್ದಾರೆಯೇ ಎಂದು ಕೇಳಬೇಕು. ಎಸಿ ಬಗ್ಗೆಯೂ ಇದೇ ಪ್ರಶ್ನೆ ಕೇಳಿ: ಕರೆಂಟ್ ಹೋದರೆ ಎಸಿ ನಡೆಯುತ್ತದೆಯೋ, ಬರೀ ಲೈಟು ಫ್ಯಾನೋ? ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಕೇಳಲೇಬೇಕಾದ ಮಾತಿದು.

ಒಂದು ವಾರ ಮುಂಚೆ, ಅದೇ ಭಾನುವಾರ, ಅದೇ ಹೊತ್ತಿಗೆ ಹೋಗಿ ನೋಡಿ. ಮಂಗಳವಾರ ಸಂಜೆ ನಾಲ್ಕಕ್ಕೆ ಹೋದರೆ ಯಾವ ಹೋಟೆಲೂ ಚೆನ್ನಾಗಿಯೇ ಕಾಣುತ್ತದೆ. ಕಾರು ನಿಲ್ಲುವ ಜಾಗದಿಂದ ಕುರ್ಚಿಯವರೆಗೆ ಎಷ್ಟು ಮೆಟ್ಟಿಲಿವೆ, ಶೌಚಾಲಯದಲ್ಲಿ ಕಮೋಡ್ ಇದೆಯೇ, ನೆಲ ಒದ್ದೆಯಿದೆಯೇ ಎಂದು ನೀವೇ ಒಳಗೆ ಹೋಗಿ ನೋಡಿ. ಹೊರಗೆ 'ಫ್ಯಾಮಿಲಿ ರೆಸ್ಟೋರೆಂಟ್' ಎಂಬ ಬೋರ್ಡ್ ಇದ್ದು ಪಕ್ಕದಲ್ಲೇ ಬಾರ್ ಇದ್ದರೆ ಎರಡಕ್ಕೂ ಒಂದೇ ಬಾಗಿಲೇ, ಒಂದೇ ಶೌಚಾಲಯವೇ ಎಂಬುದನ್ನೂ ಗಮನಿಸಿ. ಒಂದೇ ಆಗಿದ್ದರೆ ಅಡುಗೆ ಎಷ್ಟೇ ರುಚಿಯಾಗಿರಲಿ, ಬೀಗರನ್ನು ಮೊದಲ ಸಲ ಕರೆದೊಯ್ಯುವ ಜಾಗ ಅದಲ್ಲ.

ಉಳ್ಳಾಗಡ್ಡಿ-ಬಳ್ಳೊಳ್ಳಿ ವಿಷಯದಲ್ಲಿ ವೇಟರ್ ಹೇಳುವ 'ಆಗ್ತದ್ರೀ' ಸಾಲದು. ಹೋಟೆಲಿನಲ್ಲಿ ಗ್ರೇವಿಯನ್ನು ಪ್ರತಿ ಆರ್ಡರಿಗೂ ಹೊಸದಾಗಿ ಮಾಡುವುದಿಲ್ಲ. ಬೆಳಿಗ್ಗೆಯೇ ಉಳ್ಳಾಗಡ್ಡಿ, ಟೊಮೆಟೊ ಬೇಯಿಸಿ ರುಬ್ಬಿ ದೊಡ್ಡ ಪಾತ್ರೆಯಲ್ಲಿ ಇಟ್ಟಿರುತ್ತಾರೆ. ಪನೀರ್ ಬಟರ್ ಮಸಾಲ, ಮಿಕ್ಸ್ ವೆಜ್, ಕಾಜು ಕರಿ ಬಹುಪಾಲು ಅದರಿಂದಲೇ ಬರುತ್ತವೆ. ಗಿರಾಕಿ ತುಂಬಿದ ಹೊತ್ತಿನಲ್ಲಿ ಇಬ್ಬರಿಗಾಗಿ ಬೇರೆ ಗ್ರೇವಿ ಮಾಡುವುದು ಆಗದ ಮಾತು. ಹಾಗಾಗಿ ಹಿಂದಿನ ದಿನವೇ ಮುಖ್ಯ ಅಡುಗೆಯವರ ಹತ್ತಿರ ಮಾತಾಡಿ, ಸಣ್ಣ ಬಾಣಲೆಯಲ್ಲಿ ಮೊದಲಿಂದ ಮಾಡಬಹುದಾದದ್ದನ್ನು ಮಾತ್ರ ಕೇಳಿ: ಇಂಗು-ಜೀರಿಗೆ ಒಗ್ಗರಣೆಯ ದಾಲ್, ಜೀರಾ ಆಲೂ, ಜೀರಾ ರೈಸ್, ಮೊಸರನ್ನ. ಇಬ್ಬರಿಗೆ ಇಷ್ಟು ಧಾರಾಳವಾಯಿತು.

ನಾನ್ ಬೇಕೆಂದರೆ ತಂದೂರಿ ಒಲೆ ಮಧ್ಯಾಹ್ನವೂ ಹಚ್ಚುತ್ತಾರೆಯೇ ಕೇಳಿ. ಕೆಲವೆಡೆ ಸಂಜೆಗೆ ಮಾತ್ರ ಹಚ್ಚುತ್ತಾರೆ. ಹಚ್ಚಿದರೂ ಒಲೆಯ ಗೋಡೆ ಕಾಯಲು ಮುಕ್ಕಾಲು ಗಂಟೆ ಬೇಕು. ಕಾಯದ ಗೋಡೆಗೆ ಬಡಿದ ನಾನ್ ಉಬ್ಬುವುದಿಲ್ಲ, ಬೂದಿಬಣ್ಣಕ್ಕೆ ತಿರುಗಿ ಹಿಟ್ಟುಹಿಟ್ಟಾಗಿ ಬರುತ್ತದೆ. ಎಲ್ಲರಿಗೂ ಒಮ್ಮೆಗೇ ಹೇಳಬೇಡಿ. ಒಲೆಯಿಂದ ತೆಗೆದ ಐದು ನಿಮಿಷಕ್ಕೆ ನಾನ್ ಚರ್ಮದಂತೆ ಎಳೆಯತೊಡಗುತ್ತದೆ. ಟೇಬಲ್ಲಿಗೆ ಮೂರು ಮೂರರಂತೆ, ಖಾಲಿಯಾದಂತೆ ತರಿಸಿ.

ಹದಿನಾಲ್ಕು ಜನರನ್ನು ಒಂದೇ ಉದ್ದ ಟೇಬಲ್ಲಿಗೆ ಕೂರಿಸಿದರೆ ಈ ತುದಿಯವರ ಮಾತು ಆ ತುದಿಗೆ ಕೇಳುವುದಿಲ್ಲ, ಅವರವರೇ ಮಾತಾಡಿಕೊಂಡು ಏಳುತ್ತಾರೆ. ಏಳೇಳು ಮಂದಿಯ ಎರಡು ಟೇಬಲ್ ಹಾಕಿಸಿ, ಒಂದೊಂದರಲ್ಲೂ ಅವರು ನಾಲ್ವರು, ನೀವು ಮೂವರು. ಹಿರಿಯರ ಟೇಬಲ್ ಎಸಿ ಗಾಳಿ ನೇರ ತಾಗದ ಕಡೆ ಇರಲಿ. 12.30ಕ್ಕೆ ಕೂತುಬಿಡಿ. ಒಂದೂವರೆಯ ನೂಕುನುಗ್ಗಲು ಶುರುವಾಗುವ ಹೊತ್ತಿಗೆ ನೀವು ಮೊಸರನ್ನಕ್ಕೆ ಬಂದಿರುತ್ತೀರಿ.

ಇನ್ನೊಂದು: ಮುಂಗಡ ಕೊಟ್ಟು ರಸೀದಿ ಪಡೆಯಿರಿ, ಬಿಲ್ಲನ್ನು ಟೇಬಲ್ಲಿಗೆ ತರಬಾರದೆಂದು ಮ್ಯಾನೇಜರಿಗೆ ಹೇಳಿಡಿ. 'ನಾವು ಕೊಡ್ತೀವಿ, ನೀವು ಬ್ಯಾಡ್ರಿ' ಎಂಬ ಜಗ್ಗಾಟ ಬೀಗರ ನಡುವೆ ಕೆಲವೊಮ್ಮೆ ನಿಜವಾದ ಮುಜುಗರಕ್ಕೆ ತಿರುಗುತ್ತದೆ.

ಪ್ರಶ್ನೆ: ಅವ್ವನಿಗೆ 60 ತುಂಬುತ್ತದೆ. 45ರಿಂದ 50 ಮಂದಿ ಬರಬಹುದು, ಅರ್ಧ ಜನ ಮಾಂಸಾಹಾರಿಗಳು. ಒಂದು ಹೋಟೆಲಿನವರು ಪ್ಲೇಟಿಗೆ 380 ರೂಪಾಯಿ, ನೀರು ಸೇರಿ, ಹಾಲ್ ಉಚಿತ, ಕನಿಷ್ಠ 40 ಪ್ಲೇಟ್ ಅಂತಾರೆ. ಇನ್ನೊಬ್ಬರು 320 ರೂಪಾಯಿ, ಕನಿಷ್ಠ 50 ಪ್ಲೇಟ್, ಹಾಲ್ 3,000, ನೀರಿನ ಬಾಟಲಿ 20 ರೂಪಾಯಿಯಂತೆ ಬೇರೆ ಅಂತಾರೆ. ಎರಡನೆಯದು ಸೋವಿ ಅಲ್ಲವೇ?
– ಓದುಗರು, ರಾಯಚೂರು

ಉತ್ತರ: ಅಲ್ಲ. 45 ಮಂದಿ ಬಂದರು ಅಂದುಕೊಳ್ಳಿ. ಮೊದಲನೆಯವರಿಗೆ 17,100 ರೂಪಾಯಿ. ಎರಡನೆಯವರು 50 ಪ್ಲೇಟಿನ ಲೆಕ್ಕ ಹಿಡಿಯುತ್ತಾರೆ: 16,000, ಹಾಲಿಗೆ 3,000, ನೀರಿಗೆ 900, ಒಟ್ಟು 19,900. ಇವು ತೆರಿಗೆಗೆ ಮುಂಚಿನ ಮೊತ್ತ. ಸಾಮಾನ್ಯ ರೆಸ್ಟೋರೆಂಟ್ ಊಟಕ್ಕೆ ಜಿಎಸ್‌ಟಿ ಶೇ 5, ಅಂದರೆ ಮೊದಲನೆಯವರ ಬಿಲ್ 17,955 ಆಗುತ್ತದೆ. ಹಾಲ್ ಬಾಡಿಗೆ ಬೇರೆ ಸಾಲಾಗಿ ಬಂದರೆ ಅದಕ್ಕೆ ಯಾವ ದರ ಹಾಕುತ್ತಾರೆಂದು ಮೊದಲೇ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲದವರು, ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ 'ಕಾಂಪೋಸಿಷನ್' ಪದ್ಧತಿಯಲ್ಲಿರುವವರು ನಿಮ್ಮಿಂದ ತೆರಿಗೆ ವಸೂಲಿ ಮಾಡುವಂತಿಲ್ಲ.

ಸಂಖ್ಯೆ ಹೇಳುವಾಗ ಬರಬಹುದಾದವರಿಗಿಂತ ಹತ್ತನೇ ಒಂದು ಪಾಲು ಕಡಿಮೆ ಹೇಳಿ, ಹೆಚ್ಚಾದರೆ ಎಷ್ಟು ಪ್ಲೇಟಿನವರೆಗೆ ಕೊಡಬಲ್ಲಿರಿ ಎಂದು ಬರೆಸಿಕೊಳ್ಳಿ. ಖಚಿತ ಸಂಖ್ಯೆಯನ್ನು ಎರಡು ದಿನ ಮುಂಚೆ ತಿಳಿಸಿ. ಪ್ಲೇಟ್ ಲೆಕ್ಕವೇ ಜಗಳದ ಮೂಲ. ಊಟಕ್ಕೆ ಮುಂಚೆ ಜೋಡಿಸಿಟ್ಟ ಪ್ಲೇಟ್ ಎಷ್ಟು, ಮುಗಿದ ಮೇಲೆ ಉಳಿದದ್ದೆಷ್ಟು ಎಂದು ನಿಮ್ಮ ಕಡೆಯ ಒಬ್ಬರು ಹೋಟೆಲಿನವರ ಜೊತೆ ನಿಂತು ಎಣಿಸಲಿ. ಎರಡನೇ ಸಲ ಹೊಸ ಪ್ಲೇಟ್ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ, ಅದನ್ನು ಹೇಗೆ ಲೆಕ್ಕ ಹಿಡಿಯುವುದು ಎಂಬುದೂ ಮೊದಲೇ ಇತ್ಯರ್ಥವಾಗಲಿ. ಐದು ವರ್ಷದೊಳಗಿನ ಮಕ್ಕಳು, ಡ್ರೈವರುಗಳು, ಹೊರಗಿನಿಂದ ತರುವ ಕೇಕು, ಹಾಲ್ ಎಷ್ಟು ಗಂಟೆಯವರೆಗೆ, ಇವನ್ನೂ ಅದೇ ಚೀಟಿಯಲ್ಲಿ ಬರೆಸಿ.

ಬಿರಿಯಾನಿ ಲೆಕ್ಕ ಹೀಗಿಟ್ಟುಕೊಳ್ಳಿ: ಒಂದು ಕಿಲೋ ಅಕ್ಕಿ, ಒಂದು ಅಥವಾ ಒಂದೂಕಾಲು ಕಿಲೋ ಚಿಕನ್ ಎಂಟು ಮಂದಿಗೆ ಸಾಕು. 25 ಜನರಿಗೆ ಮೂರು ಕಿಲೋ ಅಕ್ಕಿಯದು, ಜೊತೆಗೆ ಒಂದು ಸ್ಟಾರ್ಟರ್. ಬಿರಿಯಾನಿಯನ್ನು ಮಾತ್ರ ಅವರವರೇ ಬಡಿಸಿಕೊಳ್ಳಲು ಬಿಡಬೇಡಿ. ಮೊದಲ ಹದಿನೈದು ಮಂದಿ ತುಂಡುಗಳನ್ನು ಕೆದಕಿ ತೆಗೆದು, ಕಡೆಯವರಿಗೆ ಬಿಳಿ ಅನ್ನ ಉಳಿಯುತ್ತದೆ. ಹುಡುಗನೊಬ್ಬ ಹಂಡೆಯ ಹತ್ತಿರ ನಿಂತು, ಮೇಲಿನ ಪದರವನ್ನು ಬಾಚದೆ, ಒಂದು ಬದಿಯಿಂದ ತಳದವರೆಗೆ ಸೌಟು ಇಳಿಸಿ ಎತ್ತಬೇಕು. ಆಗ ಪ್ರತಿ ಪ್ಲೇಟಿಗೂ ಅನ್ನ, ಮಸಾಲೆ, ತುಂಡು ಸರಿಯಾಗಿ ಬೀಳುತ್ತವೆ, ಅನ್ನದ ಅಗುಳೂ ಮುರಿಯುವುದಿಲ್ಲ. ಸಸ್ಯಾಹಾರದ ಟೇಬಲ್ ಬೇರೆ ಕಡೆ ಇರಲಿ. ಯಾವ ಟೇಬಲನ್ನೂ ಗೋಡೆಗೆ ಒತ್ತಿಸಬೇಡಿ, ಎರಡೂ ಬದಿಯಿಂದ ಜನ ಸರಿದರೆ ಸಾಲು ಅರ್ಧಕ್ಕಿಳಿಯುತ್ತದೆ. ಹಿರಿಯರಿಗೆ ಕೂತಲ್ಲಿಗೇ ಬಡಿಸಬೇಕು.

ದಿನ ಗೊತ್ತುಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಶ್ರಾವಣ, ಅಮಾವಾಸ್ಯೆ, ಸೋಮವಾರ, ಶನಿವಾರ ಬಂದರೆ ಮಾಂಸ ತಿನ್ನುವ ನೆಂಟರಲ್ಲೂ ಹಲವರು ಸಸ್ಯಾಹಾರದ ಕಡೆ ಬರುತ್ತಾರೆ. ಆಗ ಆ ಟೇಬಲ್ ಅರ್ಧದಲ್ಲೇ ಖಾಲಿಯಾಗುತ್ತದೆ.

ಪ್ರಶ್ನೆ: ಮೈಸೂರಿನ ನೆಂಟರಿಗೆ ನಮ್ಮ ರೊಟ್ಟಿ ಊಟ ಹಾಕಿಸಬೇಕು, ಹತ್ತು ಮಂದಿ. ಎಸಿ ಹೋಟೆಲಿನಲ್ಲಿ ರೊಟ್ಟಿ ಚೆನ್ನಾಗಿಲ್ಲ, ಖಾನಾವಳಿಯಲ್ಲಿ ಜಾಗವಿಲ್ಲ.
– ಓದುಗರು, ಕೊಪ್ಪಳ

ಉತ್ತರ: ಖಾನಾವಳಿಗೇ ಕರೆದೊಯ್ಯಿರಿ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಅಂಟು ಇಲ್ಲ. ಬಿಸಿನೀರಲ್ಲಿ ನಾದಿದ ಕೂಡಲೇ ಬಡಿದು ಹಂಚಿಗೆ ಹಾಕಬೇಕು, ಇಟ್ಟರೆ ಅಂಚು ಒಡೆಯುತ್ತದೆ. ಮೆನು ಉದ್ದವಿರುವ ಹೋಟೆಲಿನಲ್ಲಿ ದಿನವಿಡೀ ರೊಟ್ಟಿ ಬಡಿಯಲೆಂದೇ ಒಬ್ಬರು ಕೂರುವುದಿಲ್ಲ. ಮುಂಚೆಯೇ ಮಾಡಿಟ್ಟದ್ದನ್ನು ಬಿಸಿ ಮಾಡಿ ಕೊಡುತ್ತಾರೆ, ಅದು ಹಪ್ಪಳವೂ ಅಲ್ಲ, ಬಿಸಿ ರೊಟ್ಟಿಯೂ ಅಲ್ಲ.

ಲೆಕ್ಕ ಹಾಕಿ: ಹತ್ತು ಜನಕ್ಕೆ ತಲಾ ಎರಡೂವರೆ ಎಂದರೂ 25 ರೊಟ್ಟಿ. ಒಂದು ಒಲೆಯಲ್ಲಿ ಎರಡು ನಿಮಿಷಕ್ಕೊಂದು ಬಂದರೆ ಐವತ್ತು ನಿಮಿಷ. ಆದ್ದರಿಂದ ಒಲೆ ಎರಡಿರುವ ಖಾನಾವಳಿ ಆರಿಸಿ, ಹಿಂದಿನ ದಿನ ಹೇಳಿ, ಹನ್ನೆರಡಕ್ಕೆ ಐದೈದು ಮಂದಿಯ ಎರಡು ಪಂಕ್ತಿಯಾಗಿ ಕೂರಿ. ಕಾಯುವವರ ಮುಂದೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಇಡಿಸಿ.

ಖಾರದ ವಿಷಯದಲ್ಲಿ ಎಣ್ಣೆಗಾಯಿಯ ರುಚಿ ಕೆಡಿಸಬೇಡಿ. 'ಖಾರ ಕಡಿಮೆ ಹಾಕಿ' ಎಂದರೆ ಮಸಾಲೆಯನ್ನೇ ಕಡಿಮೆ ಮಾಡುತ್ತಾರೆ, ಪಲ್ಯ ಸಪ್ಪೆಯಾಗುತ್ತದೆ. ಎಣ್ಣೆಗಾಯಿ ಇದ್ದಂತೆ ಇರಲಿ, ಮಡಕಿಕಾಳಿನ ಪಲ್ಯ, ಬೇಳೆ, ಮೊಸರು, ತುಪ್ಪ ಹೆಚ್ಚು ತರಿಸಿ. ಪುಂಡಿಪಲ್ಯ ಸಿಕ್ಕರೆ ತಪ್ಪದೆ ಹಾಕಿಸಿ, ಆ ಹುಳಿ ಅವರ ಕಡೆ ಸುಲಭಕ್ಕೆ ಸಿಗುವುದಿಲ್ಲ. ಕುಡಿಯಲು ಸೀಲ್ ಇರುವ ಬಾಟಲಿ ನೀವೇ ಒಯ್ಯಿರಿ. ಗವಿಮಠದ ಜಾತ್ರೆಯ ದಿನಗಳಲ್ಲಿ ಈ ಯೋಜನೆ ಬೇಡ, ಊರು ತುಂಬಿರುತ್ತದೆ. ಆಗ ಮಠದ ದಾಸೋಹಕ್ಕೇ ಕರೆದೊಯ್ಯಿರಿ.

ಪ್ರಶ್ನೆ: ಮದುವೆ ಜವಳಿಗೆ ಹೈದರಾಬಾದಿಗೆ, ಆಮೇಲೆ ಬೆಂಗಳೂರಿಗೆ ಹೋಗುತ್ತೇವೆ. ಮನೆಯವರೆಲ್ಲ ಕೂತು ಒಂದು ಒಳ್ಳೆ ಊಟ ಮಾಡಬೇಕು.
– ಓದುಗರು, ಮಾನ್ವಿ

ಉತ್ತರ: ಚಾರ್‌ಮಿನಾರ್ ಸುತ್ತ ಜವಳಿ ತೆಗೆದರೆ ಹತ್ತಿರದ ಘಾನ್ಸಿ ಬಜಾರಿನ ಶಾದಾಬ್ ಹೋಟೆಲ್ ಬಿರಿಯಾನಿಗೆ ಹೆಸರಾದದ್ದು. ಆದರೆ ಗದ್ದಲ ಹೆಚ್ಚು, ಕಾರು ನಿಲ್ಲಿಸುವುದು ಕಷ್ಟ. ಶುಕ್ರವಾರ ನಮಾಜಿನ ನಂತರದ ಹೊತ್ತು ತಪ್ಪಿಸಿ. ವಯಸ್ಸಾದವರಿದ್ದರೆ ಸಿಕಂದರಾಬಾದಿನ ಪ್ಯಾರಡೈಸ್ ಮೇಲು, 1953ರಿಂದ ಇದೆ, ದೊಡ್ಡ ಗುಂಪಿಗೂ ಜಾಗ ಸಿಗುತ್ತದೆ. ತಲೆಗೊಂದು ಬಿರಿಯಾನಿ ಹೇಳಬೇಡಿ, ನಾಲ್ವರಿಗೆ ಎರಡು ತರಿಸಿ, ಬೇಕಾದರೆ ಮತ್ತೆ ಹೇಳಿ. ರಂಜಾನ್ ತಿಂಗಳಲ್ಲಿ ಹಳೇ ಊರಿನ ಹೋಟೆಲುಗಳ ಕಳೆಯೇ ಸಂಜೆಯ ಮೇಲೆ. ಹಲೀಮ್ ತಿನ್ನಬೇಕೆಂದರೆ ಅದೇ ಸಮಯ, ಮಧ್ಯಾಹ್ನದ ಊಟಕ್ಕೆ ಮಾತ್ರ ಬೇರೆ ಬಡಾವಣೆ ನೋಡಿ.

ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದ ಸಂಸ್ಥೆ. ಊಟ ಒಂದಾದ ಮೇಲೊಂದು ಬಡಿಸುತ್ತಾ ಬರುತ್ತಾರೆ, ಆರಿಸುವ ತಲೆನೋವಿಲ್ಲ. ಸೋಮವಾರ ರಜೆ. ಭಾನುವಾರ ಹೊರಗೆ ಬಹಳ ಹೊತ್ತು ಕಾಯಬೇಕಾಗುತ್ತದೆ, ಮಂಡಿನೋವಿನವರಿಗೂ ಸಕ್ಕರೆ ಕಾಯಿಲೆಯವರಿಗೂ ಅದು ಆಗದು. ವಾರದ ನಡುವೆ, ಊಟದ ಬಾಗಿಲು ತೆರೆಯುವ ಮೊದಲೇ ಹೋಗಿ. ಖಾರದ ಆಂಧ್ರ ಊಟ ಬಾಳೆಯೆಲೆಯಲ್ಲಿ ಬೇಕೆಂದರೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನ. ಮಾನ್ವಿಯ ನಾಲಿಗೆಗೆ ಅದು ಹಿಡಿಸುತ್ತದೆ.

ಪ್ರಶ್ನೆ: ನೆಂಟರನ್ನು ಮಂತ್ರಾಲಯಕ್ಕೆ ಕರೆದೊಯ್ದು ಮಠದಲ್ಲೇ ಊಟ ಮಾಡಿಸಬಹುದೇ?
– ಓದುಗರು, ರಾಯಚೂರು

ಉತ್ತರ: ಧಾರಾಳವಾಗಿ. ಆದರೆ ಏಕಾದಶಿಯಂದು ಮಠದಲ್ಲಿ ಅನ್ನಪ್ರಸಾದ ಇರುವುದಿಲ್ಲ, ಪಂಚಾಂಗ ನೋಡಿಕೊಂಡು ಹೊರಡಿ. ಗುರುವಾರ ಸಾಲು ಉದ್ದ, ಮಕ್ಕಳಿಗೆ ಬುತ್ತಿ ಕಟ್ಟಿಕೊಳ್ಳಿ.

ಪ್ರಶ್ನೆ: ದೊಡ್ಡ ಹೋಟೆಲೊಂದರಲ್ಲಿ ಬಿಲ್ಲಿಗೆ ಶೇ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ನೆಂಟರ ಮುಂದೆ ಸುಮ್ಮನೆ ಕೊಟ್ಟೆವು. ಕೊಡಲೇಬೇಕೇ?
– ಓದುಗರು, ಸಿರುಗುಪ್ಪ

ಉತ್ತರ: ಬೇಕಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ. ಟಿಪ್ಸ್ ಕೊಡುವುದು ನಿಮ್ಮ ಇಷ್ಟ. ಹಣ ಕೊಡುವ ಮೊದಲು ಕೌಂಟರಿಗೆ ಹೋಗಿ ಆ ಸಾಲು ತೆಗೆದು ಹೊಸ ಬಿಲ್ ಕೊಡಿ ಎನ್ನಿ, ಟೇಬಲ್ಲಿನಲ್ಲಿ ಕೂತು ವಾದ ಬೇಡ. ಒಪ್ಪದಿದ್ದರೆ ಬಿಲ್ಲಿನ ಫೋಟೊ ತೆಗೆದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಈಗಾಗಲೇ ಕೊಟ್ಟ ಹಣಕ್ಕೂ ದೂರು ಕೊಡಬಹುದು, ಬಿಲ್ ಇಟ್ಟುಕೊಂಡಿದ್ದರೆ ಇವತ್ತೇ ಕರೆ ಮಾಡಿ.